ಮೌನವಾದ ಇಂಜಿನು

ನಮ್ಮ ಶಲವಡಿಯ ಕಡಲೆ, ಉಳ್ಳಾಗಡ್ಡಿಗಳನ್ನು ಈಗ ಪೇಟೆಗೆ ಒಯ್ಯುವವು ಪಿಕಪ್ ಗಾಡಿಗಳು. ನೆರೆಮನೆಯ ಗೃಹಸ್ಥರ ಹಳೆಯ ಗಾಡಿಯು ಸದಾ ಟಿಕ್‌ಟಿಕ್ ಎನ್ನುತ್ತಿತ್ತು. ಸದ್ದನ್ನು ಸಹಿಸದೆ ಅವರು ವಾಲ್ವುಗಳ ಸಂದನ್ನು ಬಿಗಿಮಾಡಿಸಿದರು. ಇಂಜಿನು ಮೌನವಾಯಿತು, ಅವರೂ ಹಿಗ್ಗಿದರು. ಆದರೆ ಸುಗ್ಗಿಯಲ್ಲಿ, ಅಣ್ಣಿಗೇರಿಯ ದಾರಿಯಲ್ಲಿ, ಗಾಡಿಯು ಹೊರೆಯೊಡನೆ ನಿಂತುಬಿಟ್ಟಿತು. ಬಿಚ್ಚಿ ನೋಡಲು ಹೊಗೆ ಹೊರಬೀಳುವ ವಾಲ್ವಿನ ಅಂಚು ಸುಟ್ಟಿತ್ತು. ಆ ಸುಗ್ಗಿಯ ಬಾಡಿಗೆಯೆಲ್ಲ ರಿಪೇರಿಗೇ ಹೋಯಿತು.

ಇದರ ಕಾರಣವನ್ನು ಅರಿಯೋಣ. ವಾಲ್ವೆಂದರೆ ಕವಾಟ, ಅಂದರೆ ಬಾಗಿಲು. ಕ್ಯಾಮ್‌ಶಾಫ್ಟೆಂಬ ದಂಡದ ಮೇಲಿನ ಉಬ್ಬುಗಳು ಈ ಕವಾಟಗಳನ್ನು ಒತ್ತಿ ತೆರೆಯುವವು, ಸ್ಪ್ರಿಂಗುಗಳು ಮುಚ್ಚುವವು. ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಉಬ್ಬಿನ ಆಕಾರವೇ ಗೊತ್ತುಪಡಿಸುವದು. ನಾಲ್ಕು ಹೊಡೆತದ ಇಂಜಿನಿನಲ್ಲಿ ಮುಖ್ಯದಂಡವು ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟು ಒಂದೇ ಸುತ್ತು ತಿರುಗುವದು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಪ್ರತಿಯೊಂದು ಕವಾಟವು ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು.

ಕಾದ ಲೋಹವು ಉದ್ದವಾಗುವದಷ್ಟೆ. ಅದಕ್ಕೆಂದೇ ಅನೇಕ ಇಂಜಿನುಗಳಲ್ಲಿ ಮಿಲ್ಲಿಮೀಟರಿನ ಕೆಲವೇ ದಶಾಂಶದಷ್ಟು ಸಂದನ್ನು ಬಿಟ್ಟಿರುವರು. ಸಂದು ಹೆಚ್ಚಾದರೆ ಸದ್ದಾಗುವದು, ಭಾಗಗಳು ಸವೆಯುವವು. ಇಲ್ಲದೆ ಹೋದರೆ ಕವಾಟವು ಪೂರ್ಣವಾಗಿ ಮುಚ್ಚದು. ಮುಚ್ಚಿ ಕುಳಿತಾಗಲೇ ಅದರ ಕಾವು ಪೀಠಕ್ಕೆ ಇಳಿಯಬೇಕು. ಆ ವಿಶ್ರಾಂತಿಯಿಲ್ಲದ ಕವಾಟವು ಸುಡುವದು. ಪೀಠವು ಸವೆದರೂ ಸಂದು ತಾನಾಗಿ ಕಿರಿದಾಗುವದು, ಸದ್ದೂ ಅಡಗುವದು.

ಆದುದರಿಂದ ಗಾಡಿಯುಳ್ಳವರು ಸಂದನ್ನು ಕಿವಿಯಿಂದ ಅಳೆಯದಿರಲಿ. ತಯಾರಕರ ಪುಸ್ತಕದಲ್ಲಿರುವ ಅಳತೆಯಂತೆ, ಅದು ಹೇಳಿದ ಅವಧಿಗೊಮ್ಮೆ, ಉಕ್ಕಿನ ತೆಳುಪಟ್ಟಿಯಿಂದ ನೋಡಿಸಲಿ. ಟಿಕ್‌ಟಿಕ್ ಎನ್ನುವ ಇಂಜಿನು ತನ್ನ ದೂರನ್ನು ನಮಗೆ ಹೇಳುತ್ತಿರುವದು. ಬಾಯಿ ಬಿಗಿಸಿಕೊಂಡದ್ದು ಒಳಗೊಳಗೇ ಬೇಯುತ್ತಿರಬಹುದು.