ಸಂಗಮದ ಹರಿಗೋಲು
ದೊಡ್ಡಆಲಹಳ್ಳಿಯನ್ನು ದಾಟಿ ಸಂಗಮಕ್ಕೆ ಇಳಿದವರಿಗೆ ಹಡಗು ತಂಗುವ ರೇವೇನೂ ಕಾಣದು, ಕಾಣುವುದು ಹರಿಗೋಲು. ಪ್ರವಾಹವಿಲ್ಲದ ದಿನಗಳಲ್ಲಿ ಅದರಲ್ಲಿ ಹೊಳೆ ದಾಟಿ ಮೇಕೆದಾಟಿಗೆ ಹೋಗುವುದು ವಾಡಿಕೆ. ಗಿರ್ರನೆ ತಿರುಗುವ ಆ ಬುಟ್ಟಿಯಲ್ಲಿ ಕುಳಿತು ಬೆಂಗಳೂರಿನ ವಿಹಾರಾರ್ಥಿಗಳು ನಗುವುದುಂಟು. ನಗಲಿ, ತಪ್ಪಿಲ್ಲ. ಆದರೆ ಅಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿಯನ್ನು ಅವರು ಗುರುತಿಸಬಲ್ಲರೆ? 1974ರಿಂದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಮೇಲಕ್ಕೆತ್ತಿಸಿಕೊಂಡು ಕುಡಿಯುತ್ತಿರುವ ಅವರ ನಗರ, ಬಳಸಿ ಬಿಟ್ಟುದರಲ್ಲಿ ಒಂದು ಪಾಲನ್ನು ವೃಷಭಾವತಿಗೆ ಸುರಿಯುತ್ತದೆ. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಇಲ್ಲಿಗೆ ಬರುತ್ತದೆ. ಪುಣ್ಯಸ್ನಾನಕ್ಕೆಂದು ಇಳಿದವರು ಮೀಯುವುದು ತಮ್ಮದೇ ಬಚ್ಚಲ ನೀರು ಬೆರೆತ ಹೊಳೆಯಲ್ಲಿ. ಅವರಾದರೋ ಸಂಜೆಗೆ ಮನೆ ಸೇರುತ್ತಾರೆ; ಅಂಬಿಗನು ನಾಳೆಯೂ ಅದೇ ನೀರಿನಲ್ಲಿ ಹುಟ್ಟು ಹಾಕಬೇಕು.