ಹೊಣೆಯನ್ನು ರೈತನ ಹಣೆಗೇ ಕಟ್ಟುವುದೇ?

ಗಣಿ ಕಾರ್ಮಿಕರಿಗೂ ಗುಹೆ ಹೊಕ್ಕುವ ಸಾಹಸಿಗಳಿಗೂ ಬೇಕಾಗಿದ್ದ ಹೆಡ್ ಟಾರ್ಚು ಇಂದು ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಕಬ್ಬಿಗೆ ನೀರು ಹಾಯಿಸುವವನ ಹಣೆಯೇರಿದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ ಬರುವುದು ಪಾಳಿಯ ಮೇಲೆ. ರಾತ್ರಿ ಪಾಳಿ ಬಿದ್ದರೆ ರೈತ ರಾತ್ರಿಯೇ ಗದ್ದೆಗೆ ಇಳಿಯಬೇಕು.

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆ ದಾಳಿಗೆ ಬಲಿಯಾದರು. ಅವರಲ್ಲೊಬ್ಬ 11 ವರ್ಷದ ಬಾಲಕ. ಅಂಥ ಊರುಗಳಿಗೆ ದೊರೆಯುವ ಉಪದೇಶ ಒಂದೇ: ಕತ್ತಲಲ್ಲಿ ಒಂಟಿಯಾಗಿ ಹೋಗಬೇಡಿ, ಬೆಳಕಿಲ್ಲದೆ ಹೊರಡಬೇಡಿ. ಮಾತು ತಪ್ಪಲ್ಲ. ಆದರೆ ವಿದ್ಯುತ್ತಿನ ವೇಳೆಯನ್ನು ಬದಲಿಸದೆ ಟಾರ್ಚು ಕೊಳ್ಳಿರೆನ್ನುವುದು ಯಾವ ನ್ಯಾಯ?

ಆ ಟಾರ್ಚಿನ ವ್ಯಾಪಾರದಲ್ಲಿಯೂ ಮೋಸವಿದೆ. ಹೆಬ್ಬೆರಳು ಗಾತ್ರದ ಒಂದು 18650 ಲಿಥಿಯಂ ಸೆಲ್ಲಿನ ಮೇಲೆ 9,900 ಎಂಎಎಚ್ ಎಂದು ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು. ಉತ್ತಮ ಸೆಲ್ಲೂ 3,600ರ ಆಸುಪಾಸನ್ನು ಮೀರದು. 2,600ರ ಪ್ರಾಮಾಣಿಕ ಸೆಲ್ಲಿನಲ್ಲಿರುವ ಶಕ್ತಿ ಸುಮಾರು 9.6 ವ್ಯಾಟ್-ಗಂಟೆ. 1 ವ್ಯಾಟ್ ಎಲ್ಇಡಿಯಾದರೆ ಇಡೀ ಪಾಳಿಗೆ ಸಾಕು. 5 ವ್ಯಾಟಿನ ಕಣ್ಣು ಕುಕ್ಕುವ ದೀಪವಾದರೆ ಎರಡು ಗಂಟೆಯೂ ನಿಲ್ಲದು. ದೂರಕ್ಕೆ ಚುಚ್ಚುವ ಬೆಳಕಿಗಿಂತ ಅಗಲವಾಗಿ ಹರಡುವ ಸಾಧಾರಣ ಬೆಳಕೇ ಬದುವಿನ ಮೇಲೆ ನಡೆಯಲು ಮೇಲು. ಹಣೆಯ ದೀಪಕ್ಕೊಂದು ಕುಂದೂ ಇದೆ. ಬೆಳಕು ಕಣ್ಣಿನ ಮಟ್ಟದಿಂದಲೇ ಹೊರಡುವುದರಿಂದ ನೆಲದ ಮೇಲಿನ ನೆರಳು ಕಾಣದು. ಕೊಳಕುಮಂಡಲವೂ ತರಗೆಲೆಯೂ ಒಂದೇ ಆಗಿ ತೋರುತ್ತವೆ. ಸೊಂಟದ ಮಟ್ಟದಲ್ಲಿ ಹಿಡಿದ ಎರಡನೆಯ ಟಾರ್ಚು ಈ ಕೊರತೆಯನ್ನು ನೀಗುತ್ತದೆ. ಗುಹೆಗೆ ಇಳಿಯುವವರು ತಲಾ ಮೂರು ಪ್ರತ್ಯೇಕ ದೀಪಗಳನ್ನು ಒಯ್ಯುವ ರೂಢಿಯಿಟ್ಟುಕೊಂಡಿದ್ದಾರೆ. ರೈತನಿಗೆ ಎರಡಾದರೂ ಬೇಡವೇ?

ಅಗ್ಗದ ಟಾರ್ಚುಗಳ ಸೀಸ-ಆಮ್ಲ ಬ್ಯಾಟರಿಯನ್ನು ಚಾರ್ಜ್ ಇಳಿದಂತೆಯೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಅದು ಬೇಗ ಸಾಯುತ್ತದೆ. ಸತ್ತ ಬ್ಯಾಟರಿ ಕಾಲುವೆಗೆ ಬಿದ್ದರೆ ಅದರ ಸೀಸ ಕಪಿಲೆಯ ದಾರಿ ಹಿಡಿಯುತ್ತದೆ. ಬಳಸಿದ ಬ್ಯಾಟರಿಯನ್ನು ಹಿಂಪಡೆಯುವ ಹೊಣೆ ತಯಾರಕರದೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿವೆ. ಸಂತೆಯಲ್ಲಿ ಹೆಸರಿಲ್ಲದ ಟಾರ್ಚು ಕೊಂಡವನಿಗೆ ಆ ತಯಾರಕ ಎಲ್ಲಿ ಸಿಗಬೇಕು?

ಹಗಲು ವಿದ್ಯುತ್ತು ಅಸಾಧ್ಯವೆಂಬ ವಾದವೂ ನಿಲ್ಲದು. ಕೇಂದ್ರದ ಕುಸುಮ್ ಯೋಜನೆ 2019ರಲ್ಲಿಯೇ ಬಂದಿದೆ. ಕೃಷಿ ಫೀಡರುಗಳನ್ನು ಸೌರಶಕ್ತಿಗೆ ಜೋಡಿಸಲು ಅದರಲ್ಲಿ ಅವಕಾಶವಿದೆ. ಸೂರ್ಯನಂತೂ ರಾತ್ರಿ ಪಾಳಿ ಮಾಡುವುದಿಲ್ಲ. ಚಿರತೆ ಸುಳಿದಾಡುವ ಊರುಗಳ ಫೀಡರುಗಳಿಗೆ ಮೊದಲು ಹಗಲು ಪಾಳಿ ದೊರೆಯಲೆಂದು ಎರಡೂ ತಾಲ್ಲೂಕುಗಳ ಗ್ರಾಮಸಭೆಗಳು ನಿರ್ಣಯ ಬರೆದು ಸೆಸ್ಕ್ ಕಚೇರಿಗೆ ಮುಟ್ಟಿಸಬೇಕು, ಸ್ವೀಕೃತಿಯ ಮೊಹರನ್ನೂ ಹಾಕಿಸಿಕೊಳ್ಳಬೇಕು.