ಗಾಲಿಯ ಮೇಲಿನ ಖೋಲಿ

ಬೇಸಗೆಯ ರಜೆ ಸಮೀಪಿಸಿತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಮೊದಲಾಗುತ್ತದೆ. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಈ ಪ್ರಯಾಣವು ಹಗುರವಾಯಿತೆಂಬುದು ನಿಜ. ಆದರೆ ಮೇ ತಿಂಗಳ ಟಿಕೇಟು ಇಂದಿಗೂ ಸುಲಭದ ತುತ್ತಲ್ಲ. ಮೊಣಕಾಲು ನೋವಿನ ಹಿರಿಯರಿರುವ ಕುಟುಂಬಗಳ ಕಷ್ಟವನ್ನಂತೂ ಹೇಳಬೇಕಾಗಿಲ್ಲ. ಆದುದರಿಂದ ವ್ಯಾನೊಂದನ್ನು ಕೊಂಡು, ಅದರೊಳಗೆ ಹಾಸಿಗೆ, ಒಲೆ, ನೀರು, ಶೌಚಗಳ ಏರ್ಪಾಡು ಮಾಡಿಸಿ, ಮಂಗಳೂರಿನವರೆಗಿನ ಸುಮಾರು 900 ಕಿಲೋಮೀಟರುಗಳನ್ನು ತಂಗಿ ತಂಗಿ ಕ್ರಮಿಸಬೇಕೆಂಬ ಆಸೆಯು ಉಪನಗರಗಳ ನಮ್ಮ ಕುಟುಂಬಗಳಲ್ಲಿಯೂ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಈ ಆಸೆಯನ್ನು ನಾವು ಹಳಿಯುವವರಲ್ಲ. ಬಡಗಿಯನ್ನು ಕರೆಯಿಸುವ ಮೊದಲು ಕೆಲವು ಮಾತುಗಳನ್ನು ವಿಚಾರಿಸಬೇಕೆಂಬುದಷ್ಟೇ ನಮ್ಮ ಸೂಚನೆ.

ಇಂಥ ವಾಹನದ ಒಳಗಿನ ರಚನೆಯಲ್ಲಿ ಮುಖ್ಯವಾಗಿ ಎರಡು ಬಗೆ. ಹಿಂಭಾಗದಲ್ಲಿ ಕದಲದ ಮಂಚವನ್ನು ಕಟ್ಟಿ, ಅದರ ಕೆಳಗೆ ಸಾಮಾನು ತುಂಬುವುದು ಒಂದು. ಹಗಲು ಆಸನವಾಗಿದ್ದುದನ್ನು ರಾತ್ರಿ ಮಡಿಕೆ ಬಿಚ್ಚಿ ಹಾಸಿಗೆಯಾಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ದಿನವೂ ಹಾಸಿ ಎತ್ತುವ ತೊಂದರೆಯಿಲ್ಲ. ಆದರೆ ಇದ್ದ ಜಾಗದ ಅರ್ಧವನ್ನು ಮಂಚವೇ ನುಂಗುತ್ತದೆ. ಎರಡನೆಯದರಲ್ಲಿ ದುಡಿಮೆಯಿದೆ, ಆದರೆ ಹಗಲಿಡೀ ನಾಲ್ಕು ಮಂದಿ ಕೂಡಿ ಕುಳಿತುಕೊಳ್ಳಬಹುದು.

ಇವುಗಳಲ್ಲಿ ಯಾವುದು ಲೇಸೆಂಬುದನ್ನು ಮುಂಬಯಿಯ ಕನ್ನಡಿಗನು ಪರದೇಶದ ಚಿತ್ರಪುಸ್ತಕದಿಂದ ಕಲಿಯಬೇಕಾಗಿಲ್ಲ. 1920ರ ದಶಕದಲ್ಲಿ ವರಳಿ, ನಾಯಗಾಂವ್ ಮೊದಲಾದೆಡೆ ಎದ್ದ ಬಿ.ಡಿ.ಡಿ. ಚಾಳುಗಳ ಖೋಲಿಗಳು 160 ಚದರ ಅಡಿಯವು. ಅಂಥ ಖೋಲಿಯಲ್ಲಿ ಎಂಟು-ಹತ್ತು ಮಂದಿ ಬಾಳುತ್ತಿದ್ದುದು ಹೇಗೆ? ಬೆಳಗಾದೊಡನೆ ಹಾಸಿಗೆ ಸುರುಳಿಯಾಗುತ್ತಿತ್ತು, ಟ್ರಂಕು ಆಸನವಾಗುತ್ತಿತ್ತು. ಯಾವ ವಸ್ತುವೂ ಒಂದೇ ಕೆಲಸಕ್ಕೆ ಮೀಸಲಾಗಿರಲಿಲ್ಲ. ಜರ್ಮನಿಯ ವೆಸ್ಟ್‌ಫಾಲಿಯಾ ಕಾರಖಾನೆಯು 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗಾಗಿ ಮಾಡಿದ ಮೊದಲ ಏರ್ಪಾಡೂ ಇಂಥದೇ. ಅದು ಬೇಕಾದಾಗ ಒಳಗಿರಿಸಿ ಬೇಡವಾದಾಗ ಹೊರತೆಗೆಯಬಹುದಾದ ಪೆಟ್ಟಿಗೆಯಾಗಿತ್ತು. ಚಾಳಿನ ಗೃಹಿಣಿಗೂ ಜರ್ಮನಿಯ ಕಸುಬುದಾರನಿಗೂ ಇಕ್ಕಟ್ಟು ಕಲಿಸಿದ ಪಾಠ ಒಂದೇ.

ಇನ್ನು ಸಲಕರಣೆಗಳ ಮಾತು. ಒಂದು ಲೀಟರು ನೀರೆಂದರೆ ಒಂದು ಕಿಲೋ ಭಾರ. ನೂರು ಲೀಟರಿನ ತೊಟ್ಟಿಯನ್ನು ತುಂಬಿಸಿದವನು ಒಬ್ಬ ಸ್ಥೂಲಕಾಯನನ್ನು ದಾರಿಯುದ್ದಕ್ಕೂ ಹೊತ್ತಂತೆಯೇ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅದರ ಆಯುಸ್ಸಿಗೆ ಕುಂದಾಗದಂತೆ ಬಳಸಬಹುದಾದುದು ಅರ್ಧ, ಎಂದರೆ 600 ವಾಟ್-ಗಂಟೆ. ತಲಾ 25 ವಾಟಿನ ಎರಡು ಪಂಖಗಳು ಅದರಿಂದ ಹನ್ನೆರಡು ಗಂಟೆ ತಿರುಗಿಯಾವು. ಸಾವಿರ ವಾಟಿನ ಹವಾನಿಯಂತ್ರಕವು ಒಂದು ಗಂಟೆಯೂ ನಡೆಯದು. ಅಡುಗೆಯ ಅನಿಲವು ಗಾಳಿಗಿಂತ ಭಾರವಾದುದು; ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ, ತೆರೆದ ಕಿಟಕಿಯಿಂದ ಹೊರಹೋಗುವುದಿಲ್ಲ. ಆದುದರಿಂದ ಒಲೆಯನ್ನು ವಾಹನದಿಂದ ಇಳಿಸಿ ಹೊರಗೆ ಉರಿಸುವುದೇ ಕ್ಷೇಮ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಇನ್ನೊಂದಿದೆ. ಮಂಚವಿದೆಯೆಂದು ಓಡುವ ವಾಹನದಲ್ಲಿ ಮುದುಕಿಯನ್ನೋ ಮಗುವನ್ನೋ ಮಲಗಿಸಬಾರದು. ಕೊಂಕಣದ ಘಟ್ಟದ ತಿರುವಿನಲ್ಲಿ ಚಾಲಕನು ಒಮ್ಮೆಲೆ ಬ್ರೇಕು ಒತ್ತಿದರೆ ಮಲಗಿದವರನ್ನು ಹಿಡಿದಿಡುವುದು ಯಾವುದೂ ಇರುವುದಿಲ್ಲ. ಎಷ್ಟು ಮಂದಿ ಪ್ರಯಾಣಿಕರೋ ಅಷ್ಟೂ ಮಂದಿಗೆ ಪಟ್ಟಿಯಿರುವ ಭದ್ರವಾದ ಆಸನ ಮೊದಲು. ಹಾಸಿಗೆಯು ಅನಂತರ, ವಾಹನ ನಿಂತ ಮೇಲೆ.

ಕಾಯಿದೆಯನ್ನೂ ಮರೆಯಲಾಗದು. ನೋಂದಣಿ ಪತ್ರದಲ್ಲಿ ಕಾಣುವ, ತಯಾರಕನು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡನ್ನೂ ವಿಧಿಸಿದೆ. ಆಸನಗಳನ್ನು ಕಿತ್ತು, ಮಾಡನ್ನು ಕೊಯ್ದು, "ಎಲ್ಲ ಸರಿಹೋಗುತ್ತದೆ" ಎನ್ನುವ ಗ್ಯಾರೇಜಿನವನು ಆರ್.ಟಿ.ಓ. ಮುಂದೆ ನಿಲ್ಲುವುದಿಲ್ಲ, ನಿಲ್ಲಬೇಕಾದವನು ಯಜಮಾನನೇ. ಸಾರಿಗೆ ಕಚೇರಿಯನ್ನು ಕೇಳಿ, ಒಪ್ಪಿಗೆಯನ್ನು ಲಿಖಿತವಾಗಿ ಪಡೆದ ಮೇಲೆಯೇ ಕೆಲಸಕ್ಕೆ ಕೈಹಚ್ಚಬೇಕು.

ವರ್ಷಕ್ಕೊಮ್ಮೆ ಹದಿನೈದು ದಿನಗಳ ಪ್ರಯಾಣ. ಉಳಿದ ಹನ್ನೊಂದೂವರೆ ತಿಂಗಳು ಈ ವಾಹನ ನಿಲ್ಲುವುದೆಲ್ಲಿ? ಕಾರು ನಿಲ್ಲಿಸುವುದಕ್ಕೇ ನೆರೆಹೊರೆಯಲ್ಲಿ ಮನಸ್ತಾಪವಾಗುವ ನಗರವಿದು. 2021ರಲ್ಲಿ ಮಹಾರಾಷ್ಟ್ರ, ಕೇರಳ ಸರಕಾರಗಳು ಕಾರವಾನ್ ಪ್ರವಾಸಕ್ಕೆಂದೇ ನೀತಿಗಳನ್ನು ಪ್ರಕಟಿಸಿದವು. ಬಾಡಿಗೆಗೆ ಸಿಗುವ ಇಂಥ ವಾಹನಗಳೂ ಇವೆ. ಕೊಳ್ಳುವ ಮೊದಲು ಒಂದನ್ನು ಎರಡು ದಿನಗಳ ಮಟ್ಟಿಗೆ ಹಿಡಿದು, ಮನೆಯ ಹಿರಿಯರನ್ನು ಕರೆದೊಯ್ದು ನೋಡುವುದು ಜಾಣತನ. ರಾತ್ರಿ ಎರಡು ಗಂಟೆಗೆ ಅಜ್ಜಿಯು ಯಾರನ್ನೂ ಎಬ್ಬಿಸದೆ ಎದ್ದು, ಕತ್ತಲೆಯಲ್ಲಿ ಎಡವದೆ ಬಚ್ಚಲಿಗೆ ಹೋಗಿ ಬಂದು ಮಲಗಲು ಸಾಧ್ಯವಾದರೆ ಆ ರಚನೆ ಒಳ್ಳೆಯದು. ಸಾಧ್ಯವಾಗದಿದ್ದರೆ ಅದಕ್ಕೆ ಎಷ್ಟು ಸನ್‌ಮೈಕಾ ಹಚ್ಚಿಸಿದರೂ ಫಲವಿಲ್ಲ.